ಫಲ ಕೊಡದ ವ್ಯಾಯಾಮ

ಗದಗಿನಲ್ಲಿ ಫಿಸಿಯೋಥೆರಪಿ ಓದುವಾಗ ನಮಗೆ ಸಂಶೋಧನಾ ವಿಧಾನ ಕಲಿಸುತ್ತಿದ್ದ ಮೇಡಂ, ಕನ್ನಡಕವನ್ನು ಸೆರಗಿನಿಂದ ಒರೆಸುತ್ತಲೇ ಪಾಠ ಶುರು ಮಾಡುತ್ತಿದ್ದರು. ಯಾರು ಯಾವ ಚಿಕಿತ್ಸೆಯನ್ನು ಹೊಗಳಿದರೂ, "ಖರೆ ಅನ್ನಾಕ ಪುರಾವೆ ಏನೈತಿ?" ಎಂದು ಮೆಲ್ಲಗೆ ಕೇಳುತ್ತಿದ್ದರು.

ಬೆಟಗೇರಿಯ ನೇಕಾರರ ಹೆಗಲು ನೋವಿಗೆ ಅವರೇ ಒಂದು ವ್ಯಾಯಾಮ ರೂಪಿಸಿ, ವರ್ಷಗಟ್ಟಲೆ ಮನೆಮನೆಗೆ ಹೋಗಿ ಕಲಿಸಿದ್ದರು. ನಮ್ಮ ಕೊನೆಯ ವರ್ಷ ಅದನ್ನೇ ಪರೀಕ್ಷೆಗೆ ಒಡ್ಡಲು ಹೇಳಿದರು. ವ್ಯಾಯಾಮ ಮಾಡಿದವರ ನೋವಿಗೂ ಮಾಡದವರ ನೋವಿಗೂ ವ್ಯತ್ಯಾಸವೇ ಕಾಣಲಿಲ್ಲ.

"ಸರಿಯಾಗಿ ಮಾಡದವ್ರನ್ನ ಲೆಕ್ಕದಿಂದ ತೆಗೆದ್ರ ಫಲಿತಾಂಶ ಛಲೋ ಬರ್ತೈತ್ರಿ," ಎಂದಳು ನನ್ನ ಗೆಳತಿ.

ಮೇಡಂ ಲೆಕ್ಕದ ಹಾಳೆಯನ್ನು ಅವಳತ್ತ ಸರಿಸಿದರು. "ಬ್ಯಾಡವ್ವಾ. ಇದ್ದದ್ದು ಇದ್ದಂಗ ಬರೀರಿ."

ಮರುದಿನ ನನ್ನನ್ನು ಕರೆದುಕೊಂಡು ಬೆಟಗೇರಿಗೆ ಹೊರಟರು. ಮೊದಲ ಮನೆಯ ಅಜ್ಜಿ ಅವರನ್ನು ಕಂಡದ್ದೇ ಮಗ್ಗ ನಿಲ್ಲಿಸಿ, ಕಲಿಸಿದಂತೆಯೇ ಕೈ ಎತ್ತಿ ತೋರಿಸಿದಳು. "ಒಂದಿನಾನೂ ತಪ್ಪಸಂಗಿಲ್ರಿ," ಎಂದಳು. ನೋವಿಗೆ ಮುಖ ಕಿವುಚಿಕೊಂಡಿತ್ತು.

ಮೇಡಂ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ವಿವರಿಸಿದರು. "ನಾ ಕಲಿಸಿದ್ದು ಉಪಯೋಗ ಆಗಿಲ್ಲ ಯಮ್ಮಾ," ಎಂದರು.

"ಹಂಗಾದ್ರ ಇನ್ನ ಏನ್ ಮಾಡ್ಲಿರಿ?"

"ನನಗ ಗೊತ್ತಿಲ್ಲ."

ಅಜ್ಜಿ ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿದಳು. "ನಾಳಿಗೆ ಹಗುರ ಆಗತೈತಿ ಅನ್ಕೊಂಡು ಮಲಗ್ತಿದ್ದೆ. ಅದನ್ನೂ ಕಸಗೊಂಡ್ರಿ," ಎಂದು ಮಗ್ಗದ ಕಡೆ ತಿರುಗಿದಳು.

ಮೇಡಂ ಹೊರಗೆ ಬಂದು ಗೋಡೆಗೆ ಕೈಯೂರಿ ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿದರು.