ಸಂಕಲ್ಪದ ಪಟ್ಟಿ

ಮಡಿಕೇರಿ ಸೀಮೆಯ ಒಂದು ದೇವಸ್ಥಾನದ ಸೇವಾ ಕೌಂಟರಿನಲ್ಲಿ ಕೂರುವ ವಿಷ್ಣುಪ್ರಸಾದನಿಗೆ ಸುಳ್ಳು ಹೆಸರು ಬರೆದು ಅಭ್ಯಾಸವಿಲ್ಲ. ಇಲ್ಲದವರ ಹೆಸರಿನಲ್ಲಿ ಸಂಕಲ್ಪ ಮಾಡಬಾರದೆಂದು ಅರ್ಚಕರಾದ ಅವನ ತಂದೆ ತಿಮ್ಮಪ್ಪಯ್ಯ ಚಿಕ್ಕಂದಿನಲ್ಲೇ ಕಟ್ಟುನಿಟ್ಟಾಗಿ ಹೇಳಿಕೊಟ್ಟಿದ್ದರು. ಪುಣ್ಯಾತ್ಮ ಅದನ್ನು ಕಂಪ್ಯೂಟರಿನಲ್ಲೂ ಪಾಲಿಸಿದ.

ಓದಿದ್ದು ಬಿ.ಸಿ.ಎ. ಭಕ್ತರ ಹೆಸರು, ನಕ್ಷತ್ರ, ಗೋತ್ರ, ಫೋನ್ ನಂಬರು, ಹರಕೆಯ ಕಾರಣ ಎಲ್ಲವನ್ನೂ ಇಟ್ಟುಕೊಂಡು, ಅವರವರ ಜನ್ಮನಕ್ಷತ್ರದ ಪೂಜೆಯನ್ನು ನೆನಪಿಸುವ ಸಾಫ್ಟ್‌ವೇರೊಂದನ್ನು ಅವನೇ ಕೂತು ಬರೆದ. ತಾನು ಕಲಿತದ್ದೆಲ್ಲ ಯಾರೋ ಪುಕ್ಕಟೆ ಹಂಚಿದ ಕೋಡ್ ನೋಡಿ. ಹಾಗಾಗಿ ಇದನ್ನೂ ಓಪನ್ ಸೋರ್ಸ್ ಮಾಡಿ, ಬೇಕಾದವರು ತೆಗೆದುಕೊಂಡು ತಿದ್ದಿಕೊಳ್ಳಲಿ ಎಂದು ಇಂಟರ್ನೆಟ್ಟಿಗೆ ಹಾಕಿದ. ಮುಖ ಕಾಣದ ಒಬ್ಬರು ತಿಥಿ ಲೆಕ್ಕದ ತಪ್ಪು ಸರಿಮಾಡಿ ಕಳಿಸಿದ ದಿನ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬಳಸಿ ನೋಡುವವರಿಗೆ ಒಂದು ಮಾದರಿ ಪಟ್ಟಿ ಬೇಕಿತ್ತು. ಬೇರೆಯವರಾದರೆ ಬಾಯಿಗೆ ಬಂದ ಹೆಸರು ತುಂಬಿಸುತ್ತಿದ್ದರು. ಇವನಿಗೆ ಮನಸ್ಸು ಬರಲಿಲ್ಲ, ದೇವರ ಪಟ್ಟಿಯಲ್ಲವೇ? ಆ ವರ್ಷದ ನಾನೂರ ಹನ್ನೆರಡು ಭಕ್ತರ ನಿಜವಾದ ವಿವರವನ್ನೇ ಹಾಕಿಬಿಟ್ಟ.

ಎಂಟು ತಿಂಗಳ ಮೇಲೆ, ಅವನಿಗೆ ಅಕ್ಷರ ಕಲಿಸಿದ ಕಾವೇರಮ್ಮ ಟೀಚರು ಗೋಣಿಕೊಪ್ಪಲಿನಿಂದ ಬಂದರು. ಅವರ ಮಗಳು ತನ್ಮಯಿಗೆ ಎರಡು ಸಲ ಗರ್ಭ ನಿಂತಿರಲಿಲ್ಲ. ಅದು ಗಂಡನ ಮನೆಗೆ ತಿಳಿಯದು. ತಾಯಿ ಗುಟ್ಟಾಗಿ ಹರಕೆ ಹೊತ್ತು ಮಗಳ ನಂಬರು ಕೊಟ್ಟಿದ್ದರು. ಈಗ ಯಾವುದೋ ಬಂಜೆತನದ ಚಿಕಿತ್ಸೆಯವರು ಆ ನಂಬರಿಗೆ ಕರೆ ಮಾಡಿದ್ದರು. ಫೋನ್ ಎತ್ತಿದ್ದು ಅತ್ತೆ. ಕರೆ ಮಾಡಿದವಳಿಗೆ ಹುಡುಗಿಯ ನಕ್ಷತ್ರವೂ ಗೊತ್ತಿತ್ತು.

"ನಕ್ಷತ್ರ, ಹರಕೆ ಎರಡೂ ಒಟ್ಟಿಗೆ ನಾನು ಹೇಳಿದ್ದು ಇಲ್ಲಿ ಮಾತ್ರ, ಪ್ರಸಾದ" ಎಂದರು ಟೀಚರು.

ಆಗ ಅವನಿಗೆ ಆ ಮಾದರಿ ಪಟ್ಟಿ ನೆನಪಾಯಿತು. ಅಳುವೂ ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಆಮೇಲೆ ತಪ್ಪು ಒಪ್ಪಿಕೊಂಡು ಅವರ ಎದುರೇ ಇಂಟರ್ನೆಟ್ಟಿನಿಂದ ಪಟ್ಟಿ ಅಳಿಸಿದ. ಅಷ್ಟರಲ್ಲಿ ಅರವತ್ತೊಂದು ಮಂದಿ ಅದನ್ನು ನಕಲು ಮಾಡಿಕೊಂಡಿದ್ದರು. ಟೀಚರು ಬೈಯಲಿಲ್ಲ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಪಟ್ಟಿಯಲ್ಲಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿ ವಿಷಯ ಹೇಳುವುದಕ್ಕೆ ಅವನಿಗೆ ಹದಿನೈದು ದಿನ ಹಿಡಿಯಿತು. ಹೆಚ್ಚಿನವರು ಹೋಗಲಿ ಬಿಡಿ ಎಂದರು. "ನನ್ನ ನಕ್ಷತ್ರ ತಗೊಂಡು ಯಾರು ಎಂತ ಮಾಡ್ತಾರೆ ಮಾರಾಯ್ರೆ?" ಎಂದು ಬಿಟ್ಟಂಗಾಲದ ಕೃಷ್ಣಪ್ಪ ನಕ್ಕರು. ಇವನಿಗೆ ನಗು ಬರಲಿಲ್ಲ. ಊಟ ಮಾಡಿದರೂ ರುಚಿ ತಿಳಿಯುತ್ತಿರಲಿಲ್ಲ.

ತನ್ಮಯಿಯ ಜನ್ಮನಕ್ಷತ್ರದ ದಿನ ಸಾಫ್ಟ್‌ವೇರು ತಪ್ಪದೆ ನೆನಪಿಸಿತು. ಕಾವೇರಮ್ಮನೂ ಹಣ್ಣುಕಾಯಿ ಹಿಡಿದು ಬಂದರು. ಮಗಳು ಈಗ ತಮ್ಮ ಜೊತೆಗೇ ಇದ್ದಾಳೆಂದು ಮೆಲ್ಲಗೆ ತಿಳಿಸಿದರು. ಅಭ್ಯಾಸಬಲದಿಂದ ಅವನು ಹೆಸರು, ನಕ್ಷತ್ರ ಕೇಳಿದ.

"ದೇವರ ಹೆಸರಲ್ಲೇ ಮಾಡ್ಸು" ಎಂದರು.

ಹೆಸರಿಲ್ಲದೆ ಚೀಟಿ ಕೊಡಲು ಸಾಫ್ಟ್‌ವೇರು ಒಪ್ಪಲಿಲ್ಲ. ಹಾಗೆ ಒಪ್ಪದಂತೆ ಬರೆದವನು ಅವನೇ. ಹಳೆಯ ರಸೀದಿ ಪುಸ್ತಕ ಹುಡುಕಿ ತೆಗೆದ. ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದು, ಹರಿದು, ಟೀಚರ ಕೈಗೆ ಕೊಟ್ಟ.