ಮೋಡವಿಲ್ಲದ ಗಾಳಿ

ಕೋವಿಡ್ ಕಳೆದು ವಿಮಾನಗಳು ಮತ್ತೆ ತುಂಬಿ ಹಾರತೊಡಗಿದ್ದ 2022ರಲ್ಲಿ ನಾನು ಗ್ರೀಸ್ ದೇಶದ ನಾಕ್ಸೋಸ್ ದ್ವೀಪದಲ್ಲಿ, ಒಂದು ಡೈವಿಂಗ್ ಕೇಂದ್ರದ ಹಿರಿಯ ಗೈಡ್ ಆಗಿದ್ದೆ. ಹುಟ್ಟಿದ್ದು ಕೊಡಗಿನ ತಿತಿಮತಿ. ನೌಕಾಪಡೆಯಲ್ಲಿ ಮುಳುಗುಗಾರನಾಗಿದ್ದು ನಿವೃತ್ತನಾದ ಮೇಲೆ ಈ ಕೆಲಸಕ್ಕೆ ಸೇರಿದ್ದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಸೀಸನ್. ಚಳಿಗಾಲದಲ್ಲಿ ಊರಿಗೆ ಬಂದು, ಪಾಲಿಬೆಟ್ಟದ ಹತ್ತಿರ ಗೆಳೆಯನೊಬ್ಬನ ಎಸ್ಟೇಟ್ ಕೆರೆಯಲ್ಲಿ ಆಸಕ್ತರಿಗೆ ಪಾಠ ಹೇಳಿಕೊಡುತ್ತಿದ್ದೆ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಯಿಸಲು ತೋಡಿಸಿದ ಕೆರೆ ಅದು. ನಾಕ್ಸೋಸಿನ ಕಡಲಲ್ಲಿ ಮೂವತ್ತು ಮೀಟರ್ ದೂರದ ಮೀನೂ ಕಾಣುತ್ತದೆ. ಈ ಕೆರೆಯಲ್ಲಿ ನಮ್ಮ ಕೈ ನಮಗೇ ಕಾಣದು. ಕಲಿಯಲು ಇಂಥ ನೀರೇ ಒಳ್ಳೆಯದು ಎಂದು ನಾನು ವಾದಿಸುತ್ತಿದ್ದೆ. ಬೇರೆ ಕೆರೆ ಸಿಕ್ಕಿರಲಿಲ್ಲ ಎಂಬುದು ಬೇರೆ ಮಾತು.

ಆ ವರ್ಷ ಫೆಬ್ರವರಿಯಲ್ಲಿ ಕುಶಾಲನಗರದ ಕಡೆಯಿಂದ ಒಂದು ಜೋಡಿ ಬಂತು. ಗಂಡ ಸೋಮಣ್ಣ, ಹೆಂಡತಿ ರತ್ನಮ್ಮ. ಹಾಸನ ಜಿಲ್ಲೆಯಿಂದ ಬಂದು ನೆಲೆಸಿದ ರೈತ ಕುಟುಂಬ. ಶುಂಠಿ, ಜೋಳ, ಸ್ವಲ್ಪ ಕಾಫಿ. ಕಡಲಿನ ಆಸೆ ರತ್ನಮ್ಮನದು. ಹಾರಂಗಿ ಚಾನಲ್ಲಿನಲ್ಲಿ ಈಜುತ್ತಲೇ ಬೆಳೆದವರು, ಐವತ್ತು ದಾಟಿದ ಮೇಲೆ ಸಮುದ್ರದ ತಳ ನೋಡಬೇಕೆಂದು ಹಟ ಹಿಡಿದಿದ್ದರು. ಸೋಮಣ್ಣನಿಗೆ ಈಜು ಬರುತ್ತಿರಲಿಲ್ಲ.

"ಆಸೆ ಇವಳ್ದು ಸಾರ್, ನಾನು ಜೊತೆಗೆ ಬರೋನು ಅಷ್ಟೆ," ಎಂದರು ಅವರು. "ಆದ್ರೆ ಅಷ್ಟು ದೂರ ಹೋಗಿ ದಡದಲ್ಲಿ ಚಪ್ಪಲಿ ಕಾಯ್ಕೊಂಡು ಕೂತ್ಕೊಳ್ಳೋಕಾಗುತ್ತಾ?"

ರತ್ನಮ್ಮನಿಗೆ ಸ್ಕೂಬಾ, ಸೋಮಣ್ಣನಿಗೆ ಸ್ನಾರ್ಕೆಲ್ ಎಂದು ತೀರ್ಮಾನವಾಯಿತು. ಸ್ಕೂಬಾ ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕೆಳಗಿಳಿಯುವುದು. ಸ್ನಾರ್ಕೆಲ್ ಎಂದರೆ ಮುಖಕ್ಕೆ ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲು ತೇಲುತ್ತ ಕೆಳಗೆ ನೋಡುವುದು. ಊದಿದ ವೆಸ್ಟ್ ಹಾಕಿಕೊಂಡರೆ ಈಜು ಬಾರದವರೂ ತೇಲುತ್ತಾರೆ. ಸೋಮಣ್ಣ ಮೊದಲ ವಾರ ಕೆರೆಯ ನೀರನ್ನು ಅರ್ಧ ಕುಡಿದರು. ಆಮೇಲೆ ಕಲಿತರು.

ಒಂದು ಸಂಜೆ ಪಾಠದ ನಡುವೆ ಕೆರೆಯ ಆಚೆ ದಡಕ್ಕೆ ಒಂಟಿಸಲಗ ನೀರಿಗೆ ಬಂತು. ಸೋಮಣ್ಣ ಕೆರೆಯ ನಡುವೆ ಮುಖ ಮುಳುಗಿಸಿಕೊಂಡು ತೇಲುತ್ತಿದ್ದಾರೆ, ಲೋಕದ ಪರಿವೆ ಇಲ್ಲ. ನಾನು ಕೂಗಲು ಬಾಯಿ ತೆರೆದೆ. ರತ್ನಮ್ಮ ಕೈಸನ್ನೆಯಲ್ಲೇ ನನ್ನನ್ನು ತಡೆದು, ಏರಿಯ ಮೇಲೆ ಹತ್ತಿ, ಬಲಗೈಯನ್ನು ನೇರ ಆನೆಯ ಕಡೆ ಚಾಚಿ ನಿಂತುಬಿಟ್ಟರು. ಆನೆ ಸರಿದಂತೆ ಕೈಯೂ ಸರಿಯುತ್ತಿತ್ತು. ಆನೆ ಕಾಟ ಇರುವ ನಮ್ಮ ಕಡೆ ಇದು ರೂಢಿ. ಕಾಫಿ ಗಿಡಗಳ ಸಂದಿಯಲ್ಲಿ, ಜೋಳದ ಹೊಲದೊಳಗೆ ಇರುವವರಿಗೆ ಆನೆ ಕಾಣುವುದಿಲ್ಲ. ಎತ್ತರದಲ್ಲಿ ಒಬ್ಬರು ಕಣ್ಣು ಕೀಳದೆ, ಕೂಗದೆ, ಕೈ ತೋರಿಸಿ ನಿಲ್ಲುತ್ತಾರೆ. ಕೆಳಗಿನವರು ಆ ಕೈ ನೋಡಿಕೊಂಡು ಸರಿಯುತ್ತಾರೆ. ಸೋಮಣ್ಣ ಮಾಸ್ಕಿನ ನೀರು ಚೆಲ್ಲಲೆಂದು ತಲೆ ಎತ್ತಿದವರು ಹೆಂಡತಿಯ ಕೈ ನೋಡಿದರು. ಸದ್ದಿಲ್ಲದೆ ಈಚೆ ದಡಕ್ಕೆ ಬಂದು, ಕಾಲಿಗೆ ಹಾಕಿದ್ದ ರಬ್ಬರ್ ಫಿನ್‌ಗಳ ಸಮೇತ ಪಂಪ್‌ಹೌಸ್ ಹತ್ತಿದರು. ಆ ನಡಿಗೆ ನೆನೆದು ನಾವು ಬಹಳ ದಿನ ನಕ್ಕಿದ್ದೇವೆ.

ಜುಲೈನಲ್ಲಿ ಇಬ್ಬರೂ ನಾಕ್ಸೋಸಿಗೆ ಬಂದಿಳಿದರು. ದ್ವೀಪದ ಸುತ್ತ ನಾವು ಬಳಸುತ್ತಿದ್ದ ಜಾಗಗಳು ಹಲವು, ಒಂದೊಂದರದು ಒಂದೊಂದು ಗುಣ. ಪಶ್ಚಿಮದಲ್ಲಿ ಎದೆಯುದ್ದದ ಮರಳು ನೀರು, ಹೊಸಬರಿಗೆ. ಪೂರ್ವದಲ್ಲಿ ಬಂಡೆಯ ಗೋಡೆ ಹದಿನೆಂಟು ಮೀಟರ್ ಆಳಕ್ಕೆ ಇಳಿಯುತ್ತದೆ. ಅದರ ಪೊಟರೆಗಳಲ್ಲಿ ಆಕ್ಟೋಪಸ್, ದಪ್ಪ ತುಟಿಯ ಗ್ರೂಪರ್ ಮೀನು. ಉತ್ತರದ ಬಂಡೆಗೆ ಕಡಲೇ ಒಂದು ಕಮಾನು ಕೊರೆದಿದೆ. ಬೆಳಗಿನ ಬಿಸಿಲು ಅದರೊಳಗೆ ನೀಲಿಯಾಗಿ ಇಳಿಯುವುದನ್ನು ನಾನು ನೂರು ಸಲ ನೋಡಿದ್ದೇನೆ, ನೂರು ಸಲವೂ ಮನಸ್ಸು ತುಂಬಿದೆ. ದಕ್ಷಿಣದಲ್ಲಿ ಕಡಲ ಹುಲ್ಲು ಬೆಳೆದ ಕೊಲ್ಲಿ, ಅದರ ಬಾಯಲ್ಲಿ ಎರಡು ಬಂಡೆ. ರತ್ನಮ್ಮ ಎರಡೇ ದಿನದಲ್ಲಿ ಪೂರ್ವದ ಗೋಡೆ ನೋಡಿ ಬಂದರು. ಮೇಲೆ ಬಂದು ಮಾಸ್ಕ್ ತೆಗೆದಾಗ ಅತ್ತಿದ್ದರು. ಏನಾಯಿತೆಂದು ಕೇಳಿದರೆ, "ಇಷ್ಟು ದಿನ ಯಾರೂ ಹೇಳೇ ಇರ್ಲಿಲ್ವಲ್ಲ ಸಾರ್," ಎಂದರು.

ನಾಲ್ಕನೆಯ ದಿನ ಉತ್ತರದ ಕಮಾನಿಗೆ ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ಗಾಳಿಯ ಮುನ್ಸೂಚನೆ ನೋಡಿ ನಾನು ರದ್ದು ಮಾಡಿದೆ. ಬೇಸಿಗೆಯಲ್ಲಿ ಅಲ್ಲಿ ಉತ್ತರದಿಂದ ಮೆಲ್ತೆಮಿ ಎಂಬ ಗಾಳಿ ಬೀಸುತ್ತದೆ. ಅದು ಮೋಡ ತರುವುದಿಲ್ಲ, ಮಳೆ ತರುವುದಿಲ್ಲ. ತೊಳೆದಿಟ್ಟ ಆಕಾಶದಿಂದ ಸೀದಾ ಬಂದು ದೋಣಿ ಮಗುಚುತ್ತದೆ.

ಸೋಮಣ್ಣನಿಗೆ ಇದು ನಗುವ ವಿಷಯ. ಊರಿನಲ್ಲಿ ಅವರು ಹವಾಮಾನದ ಪಂಡಿತರು. ಅವರು ಕಣದಲ್ಲಿ ಕಾಫಿ ಹರಡಿದರೆ ಅಕ್ಕಪಕ್ಕದವರೂ ಹರಡುತ್ತಾರೆ, ಅವರು ಟಾರ್ಪಾಲ್ ಎಳೆದರೆ ಎಲ್ಲರೂ ಎಳೆಯುತ್ತಾರೆ. ನಮ್ಮಲ್ಲಿ ಕೆಡುಕು ಮಾಡುವ ಗಾಳಿ ಮೋಡ ಹೊತ್ತೇ ಬರುತ್ತದೆ, ಅವರ ಲೆಕ್ಕ ಊರಿನಲ್ಲಿ ತಪ್ಪಿದ್ದು ಕಡಿಮೆ.

"ಒಂದು ಮೋಡ ತೋರ್ಸಿ ಸಾರ್, ಒಂದೇ ಒಂದು," ಎಂದು ಆಕಾಶಕ್ಕೆ ಕೈ ತಿರುಗಿಸಿದರು. "ಇಂಥ ದಿನ ನಮ್ಮೂರಲ್ಲಿ ಕೂಸನ್ನೂ ಹೊರಗೆ ಮಲಗಿಸ್ತಾರೆ."

"ನಿಮ್ಮೂರಲ್ಲಿ ಮಲಗಿಸ್ಲಿ," ಎಂದು ಗದರಿ ನಾನು ಇಬ್ಬರನ್ನೂ ದಕ್ಷಿಣದ ಕೊಲ್ಲಿಗೆ ಕರೆದುಕೊಂಡು ಹೋದೆ. ಬೆಟ್ಟದ ಮರೆಯಲ್ಲಿರುವ ಆ ಕೊಲ್ಲಿ ಪಾಲಿಬೆಟ್ಟದ ಕೆರೆಯಷ್ಟೇ ಶಾಂತವಾಗಿತ್ತು. ಇಂಥ ದಿನ ಅದರಲ್ಲೂ ಒಂದು ಮೋಸ ಇರುತ್ತದೆ. ಗಾಳಿ ಅಲ್ಲಿ ದಡದಿಂದ ಕಡಲಿನತ್ತ ಬೀಸುತ್ತದೆ, ಆದ್ದರಿಂದ ದಡದ ಬಳಿ ಅಲೆ ಏಳುವುದೇ ಇಲ್ಲ. ಬಂಡೆಗಳ ಸಾಲು ದಾಟಿದವರನ್ನು ಮಾತ್ರ ಅದು ಬೆನ್ನಿಗೆ ಕೈ ಹಚ್ಚಿ ಆಚೆಗೆ ದೂಡುತ್ತದೆ. ಇದನ್ನು ಸೋಮಣ್ಣನಿಗೆ ವಿವರಿಸಿ ಹೇಳಿದೆ. ಬಂಡೆಗಳ ಈಚೆಗೇ ಇರಿ ಎಂದೆ. ಅವರು ತಲೆಯಾಡಿಸಿದರು. ಅಂಥ ನೀರನ್ನು ಕಣ್ಣೆದುರಿಗೆ ಇಟ್ಟುಕೊಂಡು ನನ್ನ ಮಾತು ನಂಬುವುದು ಕಷ್ಟವಿತ್ತು.

ರತ್ನಮ್ಮನನ್ನು ಐದು ಮೀಟರ್ ಆಳದ ಹುಲ್ಲುಗಾವಲಿಗೆ ಇಳಿಸಿ ತಂದೆ. ದಡದಲ್ಲಿ ಅವರ ಸಿಲಿಂಡರ್ ಬಿಚ್ಚುತ್ತ ನೋಡಿದರೆ, ಅಲ್ಲಿಯವರೆಗೆ ನಮ್ಮ ದೋಣಿಯ ನಿಕೋಸ್‌ನ ಕಣ್ಣೆದುರಿಗೇ ಇದ್ದ ಸೋಮಣ್ಣ ಕೊಲ್ಲಿಯಲ್ಲಿ ಇಲ್ಲ. ನಿಕೋಸ್ ಲಂಗರು ಸರಿಪಡಿಸಲು ತಿರುಗಿದಷ್ಟರಲ್ಲಿ ಅವರು ಬಂಡೆ ದಾಟಿದ್ದರು. ಬಿಸಿಲು ಹೊಳೆಯುವ ನೀರಿನಲ್ಲಿ ಒಂದು ಕಿತ್ತಳೆ ಚುಕ್ಕಿ ಕಂಡಿತು. ಅವರ ವೆಸ್ಟ್. ಅಲೆ ಎದ್ದಾಗ ಮಾಯವಾಗುತ್ತಿತ್ತು, ಇಳಿದಾಗ ಮತ್ತೆ ಕಾಣುತ್ತಿತ್ತು, ಪ್ರತಿ ಸಲವೂ ಇನ್ನಷ್ಟು ದೂರದಲ್ಲಿ. ಕೂಗಳತೆ ಆಗಲೇ ದಾಟಿತ್ತು. ಆಚೆಗೆ ತೆರೆದ ಸಮುದ್ರ.

ರತ್ನಮ್ಮ ಫಿನ್ ಬಿಚ್ಚಿರಲಿಲ್ಲ. "ನಾನು ಹೋಗ್ತೀನಿ ಸಾರ್, ಚಾನಲ್ಲಲ್ಲಿ ಬೆಳ್ದೋಳು," ಎನ್ನುತ್ತಲೇ ನೀರಿಗೆ ನುಗ್ಗಿದರು. ನಾನು ತೋಳು ಹಿಡಿದು ಎಳೆದೆ. ಗಾಳಿ ಒಯ್ದವರ ಹಿಂದೆ ಈಜಿ ಹೋಗಬಾರದು ಎಂಬುದು ನಮ್ಮ ಕೆಲಸದ ಮೊದಲ ನಿಯಮ. ಹೋಗುವುದು ಸುಲಭ, ಗಾಳಿಯೇ ಒಯ್ಯುತ್ತದೆ. ಮರಳುವುದಕ್ಕೆ ಗಾಳಿ ಬಿಡುವುದಿಲ್ಲ. ಆದರೆ ಗಂಡ ಕಣ್ಣೆದುರೇ ಕೊಚ್ಚಿಹೋಗುತ್ತಿರುವಾಗ ನಿಯಮ ಹೇಳಿದರೆ ಯಾರು ಕೇಳುತ್ತಾರೆ? ನನಗೆ ಪಾಲಿಬೆಟ್ಟದ ಕೆರೆ ಏರಿ ನೆನಪಾಯಿತು.

"ರತ್ನಕ್ಕ, ಅದು ಆನೆ," ಎಂದೆ. "ದಡದ ಬಂಡೆ ಹತ್ತಿ ಕೈ ತೋರ್ಸಿ. ಕಣ್ಣು ತೆಗೀಬೇಡಿ."

ಒಂದು ಕ್ಷಣ ನನ್ನ ಮುಖ ನೋಡಿದರು. ಫಿನ್ ಕಿತ್ತೆಸೆದು ಬಂಡೆ ಹತ್ತಿದರು.

ನಾನೂ ನಿಕೋಸೂ ದೋಣಿ ಬಿಟ್ಟೆವು. ಅದು ಗಾಳಿ ತುಂಬಿದ ರಬ್ಬರ್ ದೋಣಿ, ನೀರಿಗೆ ಅಂಟಿಕೊಂಡೇ ಓಡುತ್ತದೆ. ಅದರಲ್ಲಿ ಕೂತವರಿಗೆ ಎದುರಿನ ಅಲೆಯ ಹೊರತು ಬೇರೇನೂ ಕಾಣುವುದಿಲ್ಲ. ಬಂಡೆ ದಾಟುತ್ತಿದ್ದಂತೆ ಗಾಳಿ ಬಡಿಯಿತು, ಕಿತ್ತಳೆ ಚುಕ್ಕಿ ಎಲ್ಲೂ ಇಲ್ಲ. ನಾನು ಮುಂದೆ ನೋಡುವುದನ್ನು ಬಿಟ್ಟು ಹಿಂದೆ ತಿರುಗಿ ಕೂತೆ. ಬಂಡೆಯ ಮೇಲೆ ರತ್ನಮ್ಮನ ಕಪ್ಪು ಆಕೃತಿ, ಚಾಚಿದ ಕೈ. ಆ ಕೈಯ ಗೆರೆಗೆ ದೋಣಿಯನ್ನು ಹೊಂದಿಸುವಂತೆ ನಿಕೋಸ್‌ಗೆ ಹೇಳುತ್ತ ಹೋದೆ. ಕೈ ಎಡಕ್ಕೆ ಸರಿದರೆ ನಾವೂ ಎಡಕ್ಕೆ. ಬಿಸಿಲು ನೇರ ಅವರ ಕಣ್ಣಿಗೆ ಹೊಡೆಯುತ್ತಿತ್ತು. ಆದರೂ ಕೈ ಒಮ್ಮೆಯೂ ತಡವರಿಸಲಿಲ್ಲ. ನನಗೆ ನಿಜವಾಗಿಯೂ ಭಯವಾಗಿತ್ತು. ನೌಕಾಪಡೆಯಲ್ಲಿ ಹೆಣ ಎತ್ತಿದವನು ನಾನು, ಆದರೆ ಅವುಗಳಲ್ಲಿ ಒಂದೂ ನನ್ನ ಹತ್ತಿರ ಪಾಠ ಕಲಿತವರದಲ್ಲ.

ಅಲೆಯೊಂದು ಇಳಿದಾಗ ಸೋಮಣ್ಣ ದೋಣಿಯ ಮೂತಿಗೇ ಸಿಕ್ಕರು. ಮೈ ಸಡಿಲ ಬಿಟ್ಟು, ದಡದ ಕಡೆ ಮುಖ ಮಾಡಿ, ಅಂಗಾತ ತೇಲುತ್ತಿದ್ದರು. ಎಳೆದು ಹಾಕಿದೆವು. ತುಟಿ ನೀಲಿಗಟ್ಟಿತ್ತು.

"ಗಾಳಿ ಅಂತ ಗೊತ್ತೇ ಆಗ್ಲಿಲ್ಲ ಸಾರ್," ಎಂದರು. "ದಡ ಹಿಂದಕ್ಕೆ ಹೋಯ್ತು, ಅಷ್ಟೆ."

ಬೈಯಬೇಕೆಂದು ದಾರಿಯುದ್ದಕ್ಕೂ ಒಳ್ಳೊಳ್ಳೆ ಮಾತು ಜೋಡಿಸಿಟ್ಟಿದ್ದೆ. ಅದೆಲ್ಲ ಬಿಟ್ಟು, ನನ್ನ ಟವೆಲ್ ತೆಗೆದು ಅವರ ಮೈಗೆ ಹೊದಿಸಿದೆ.

ನಾವು ದಡ ಮುಟ್ಟಿದಾಗ ರತ್ನಮ್ಮ ಬಂಡೆಯ ಮೇಲೆಯೇ ಇದ್ದರು, ಕೈ ಚಾಚಿಯೇ ಇತ್ತು. ದೋಣಿ ಬಂದ ದಾರಿಯನ್ನೆಲ್ಲ ತೋರಿಸುತ್ತ ಬಂದ ಕೈ ಈಗ ಗಂಡನ ಎದೆಯ ಕಡೆಗಿತ್ತು. ಸೋಮಣ್ಣ ತಡವರಿಸುತ್ತ ಹತ್ತಿಹೋಗಿ, ಎರಡೂ ಕೈಯಿಂದ ಅದನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದರು. ಆಮೇಲೆ ರತ್ನಮ್ಮ ಅದೇ ಕೈಯಲ್ಲಿ ಅವರ ಬೆನ್ನಿಗೆ ಎರಡು ಬಿಟ್ಟರು.

ಈಗ ನಾನು ನಾಕ್ಸೋಸಿಗೆ ಹೋಗುವುದನ್ನು ನಿಲ್ಲಿಸಿದ್ದೇನೆ, ಕೆರೆಯ ಪಾಠ ನಡೆದಿದೆ. ಮೊದಲ ದಿನ ಯಾರನ್ನೂ ನೀರಿಗೆ ಇಳಿಸುವುದಿಲ್ಲ. ಏರಿಯ ಮೇಲೆ ನಿಲ್ಲಿಸಿ, ನೀರಿನಲ್ಲಿ ತೇಲುವ ಒಂದು ಕೊಡಕ್ಕೆ ಕೈ ತೋರಿಸಿ ನಿಲ್ಲುವುದನ್ನು ಕಲಿಸುತ್ತೇನೆ. ಇದಕ್ಕೇನಾ ಇಷ್ಟು ದೂರ ಬಂದಿದ್ದು ಎಂದು ಕೆಲವರು ಮುಖ ಮುರಿಯುತ್ತಾರೆ. ಒಬ್ಬರು ನೀರಿಗಿಳಿದರೆ ಒಬ್ಬರು ದಡದಲ್ಲಿ ಕಣ್ಣು ಕೀಳದೆ ನಿಲ್ಲಬೇಕು, ಎರಡನೆಯದೇ ಕಷ್ಟದ ಕೆಲಸ: ಇಷ್ಟು ವರ್ಷದ ಉದ್ಯೋಗ ನನಗೆ ಕಲಿಸಿದ್ದು ಇದನ್ನೇ.

ಹೋದ ಜನವರಿಯಲ್ಲಿ ಸೋಮಣ್ಣನ ಮನೆಗೆ ಹೋಗಿದ್ದೆ. ಕಣದಲ್ಲಿ ಕಾಫಿ ಹರಡುತ್ತಿದ್ದರು. ಪಕ್ಕದ ಹೊಲದವರು ಬೇಲಿಯಿಂದಲೇ ಮಳೆ ಬರುತ್ತದೆಯೇ ಎಂದು ಕೇಳಿದರೆ, "ಇಲ್ಲಿದು ಕೇಳು, ಹೇಳ್ತೀನಿ," ಎಂದು ಸೋಮಣ್ಣ ನನ್ನ ಕಡೆ ನೋಡಿ ನಕ್ಕರು. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಒಂದು ಮಾತನ್ನು ನಾನು ಆಗ ಕೇಳಿದೆ. ಈಜು ಬಾರದವರು ಅಂಥ ನೀರಿನಲ್ಲಿ ಸಿಕ್ಕಿದರೆ, ವೆಸ್ಟ್ ಇದ್ದರೂ ಕೈಕಾಲು ಬಡಿದು, ದಣಿದು, ನೀರು ಕುಡಿದು ಸಾಯುತ್ತಾರೆ. ನೀವು ಹೇಗೆ ಸುಮ್ಮನೆ ತೇಲುತ್ತಿದ್ದಿರಿ?

ಸೋಮಣ್ಣ ಕಾಫಿ ಹರಡುವುದನ್ನು ನಿಲ್ಲಿಸಿದರು. ಅಂಗಳದಾಚೆ ರತ್ನಮ್ಮ ಶುಂಠಿ ತೊಳೆಯುತ್ತಿದ್ದರು.

"ಮೊದ್ಲು ಬಡಿದೆ ಸಾರ್, ಸತ್ತೇ ಹೋದೆ ಅಂತ," ಎಂದರು. "ಆಮೇಲೆ ಬಂಡೆ ಮೇಲೆ ಅವಳ ಕೈ ಕಾಣಿಸ್ತು. ಅವಳು ನೋಡ್ತಾ ನಿಂತವ್ಳೆ ಅಂದ್ಮೇಲೆ, ಕಾಲು ಬಡಿಯೋದು ಬಿಟ್ಟೆ."