ನಿಂಬೆಹಣ್ಣಿನ ತಲೆಗೆ ಕಟ್ಟಿದ ತಪ್ಪು

ಅತ್ತಿಗೆ, ಅಂದು ನೀವು ಸೈಕಲ್ಲಿನಿಂದ ಬಿದ್ದದ್ದಕ್ಕೆ ಆ ನಿಂಬೆಹಣ್ಣು ಕಾರಣವಲ್ಲ. ನಿಮ್ಮ ಬ್ರೇಕಿಗೆ ಎಣ್ಣೆ ಸವರಿದವನು ನಾನು. ಇಷ್ಟು ವರ್ಷ ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ನೀವು ಮದುವೆಯಾಗಿ ವೈಯಾಲಿಕಾವಲಿನ ನಮ್ಮ ಮನೆಗೆ ಬಂದಾಗ ತವರಿನಿಂದ ಆ ಸೈಕಲ್ಲನ್ನೂ ತಂದಿರಿ. ಸೊಸೆ ಸೈಕಲ್ ತುಳಿಯುವುದು ಅಮ್ಮನಿಗೆ ಅಷ್ಟಕ್ಕಷ್ಟೆ. ಅಣ್ಣ ಹೇಗೋ ಒಪ್ಪಿಸಿದ. ಶಾಲೆಯಲ್ಲಿ ಪಾಠ ಮುಗಿಸಿ ನೀವು ಮನೆಗೆ ಬರುವುದು ಇಡೀ ಬೀದಿಗೆ ತಿಳಿಯುತ್ತಿತ್ತು — ಬ್ರೇಕ್ ಹಿಡಿದರೆ ಸಾಕು, ಕೀಂಯ್! ಮೂಲೆಯಲ್ಲಿ ನಿಂತಿರುತ್ತಿದ್ದ ನನ್ನ ಗೆಳೆಯರು, "ಮಗಾ, ನಿಮ್ಮತ್ತಿಗೆ ರೈಲು ಬಂತು" ಎಂದು ನಗುತ್ತಿದ್ದರು. ನನಗೆ ನಾಚಿಕೆ. ನೀವೂ ಹೇಳುತ್ತಲೇ ಇದ್ದಿರಿ, "ಬ್ರೇಕ್ ರಬ್ಬರ್ ಸವೆದಿರ್ಬೇಕು, ಹೊಸದು ಹಾಕಿಸ್ಕೊಂಡು ಬಾರೋ." ಕಾಲೇಜು ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದ ದಂಡಪಿಂಡ ನಾನು, ಆದರೂ ಪುರುಸೊತ್ತಿರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಗಾಡಿಗಳನ್ನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ದೇವರ ದೀಪದ ಎಣ್ಣೆಯಲ್ಲಿ ಬಟ್ಟೆ ಅದ್ದಿ, ನಿಮ್ಮ ಸೈಕಲ್ಲಿನ ರಿಮ್ಮನ್ನು ಫಳಫಳ ಹೊಳೆಯುವಂತೆ ಉಜ್ಜಿದೆ. ಹಾಗೇ ಬ್ರೇಕಿನ ರಬ್ಬರಿಗೂ — ಬಾಗಿಲು ಕಿರುಗುಟ್ಟಿದರೆ ಎಣ್ಣೆ ಬಿಡುತ್ತೇವಲ್ಲ, ಅಷ್ಟೇ ನನ್ನ ಬುದ್ಧಿ. ಸದ್ದು ನಿಂತಿತು. ಚಕ್ರ ನಿಲ್ಲುತ್ತದೆಯೇ ಎಂದು ನೋಡಲಿಲ್ಲ. "ಪರವಾಗಿಲ್ವೇ, ಕೊನೆಗೂ ರಿಪೇರಿ ಮಾಡಿಸ್ಬಿಟ್ಯಲ್ಲೋ!" ಎಂದಿರಿ. ರಬ್ಬರ್ ಬದಲಾಯಿಸಿದ್ದೇನೆ ಎಂದುಕೊಂಡಿರಿ, ನಾನು ಇಲ್ಲವೆನ್ನಲಿಲ್ಲ.

ಪೂಜೆಯಾದ ಮೇಲೆ ಚಕ್ರದಡಿ ಇಟ್ಟ ನಿಂಬೆಹಣ್ಣು ಒಡೆಯದೆ ಪಕ್ಕಕ್ಕೆ ಉರುಳಿತು. ಅಮ್ಮ ಇನ್ನೊಂದು ತರಲು ಹೊರಟಳು. "ಬಂದ್ಮೇಲೆ ಹತ್ತಿಸೋಣ ಅತ್ತೆ" ಎಂದು ನೀವು, ತವರಿಗೆ ಕೊಡಬೇಕಿದ್ದ ಕಡಲೆಪುರಿಯ ಚೀಲ ತಗುಲಿಸಿಕೊಂಡು ಇಳಿಜಾರಿನಲ್ಲಿ ಹೊರಟೇಬಿಟ್ಟಿರಿ. ತಿರುವಿನ ಕಾಂಪೌಂಡಿಗೆ ಗುದ್ದಿದ ಸದ್ದು ಮನೆವರೆಗೂ ಕೇಳಿಸಿತು. ಓಡಿ ಬಂದೆವು. ರಸ್ತೆ ತುಂಬ ಪುರಿ. ನಿಮ್ಮ ಬಲ ಮಣಿಕಟ್ಟು ಮುರಿದಿತ್ತು.

ಅಣ್ಣ ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ದ. ನಾನು ಸೈಕಲ್ಲನ್ನು ಹಿತ್ತಿಲಿಗೆ ಎಳೆದೊಯ್ದು, ಯಾರೂ ನೋಡುವ ಮೊದಲೇ ಎಣ್ಣೆಯನ್ನೆಲ್ಲ ಸೋಪು ಹಾಕಿ ತೊಳೆದೆ.

"ನಿಂಬೆಹಣ್ಣು ಹತ್ತಿಸ್ದೆ ಹೋದ್ಲು, ಇನ್ನೇನಾಗುತ್ತೆ" ಎಂದು ಅಮ್ಮ ಬಂದವರಿಗೆಲ್ಲ ಹೇಳಿದಳು. ಆ ಮಾತಿಗೆ ನೀವು ಸೊಪ್ಪು ಹಾಕಲಿಲ್ಲ. ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ಕೇಳಿದಿರಿ: "ನಾನು ಬ್ರೇಕ್ ಹಿಡಿದೆ ಕಣೋ. ಗಟ್ಟಿಯಾಗೇ ಹಿಡಿದೆ. ಯಾಕೆ ನಿಲ್ಲಲಿಲ್ಲ?"

"ಗಾಬರೀಲಿ ನೀವು ಹಿಡಿದೇ ಇರಲ್ಲ ಬಿಡಿ ಅತ್ತಿಗೆ" ಎಂದೆ.

ಸ್ವಲ್ಪ ಹೊತ್ತು ನಿಮ್ಮ ಕೈಯನ್ನೇ ನೋಡಿಕೊಂಡಿರಿ. ಆಮೇಲೆ, "ಇರ್ಬಹುದು" ಎಂದಿರಿ.

ಎಣ್ಣೆ ಸವರಿದ್ದು ದಡ್ಡತನ. ನಾನಾಡಿದ ಆ ಮಾತು ಹಾಗಲ್ಲ... ಆಮೇಲೆ ನೀವು ಸೈಕಲ್ ಬಿಟ್ಟಿರಿ. ಅಣ್ಣ ಸ್ಕೂಟರ್ ಕಲಿಸುತ್ತೇನೆಂದರೂ ಬೇಡವೆಂದಿರಿ. ನಿಮ್ಮ ಕೈಯ ಮೇಲೆ ನಂಬಿಕೆ ಹೋದ ಮೇಲೆ ನಿಂಬೆಹಣ್ಣನ್ನೂ ನಂಬತೊಡಗಿದಿರಿ. ಅಮ್ಮ ತೀರಿಹೋದ ಮೇಲೆ ಹಬ್ಬಕ್ಕೆ ಅದನ್ನು ಇಡುವವರೂ ನೀವೇ. ಸೊಟ್ಟಗೆ ಕೂಡಿಕೊಂಡ ಆ ಮಣಿಕಟ್ಟನ್ನು ನೆಲಕ್ಕೂರಿ, ಹಣ್ಣು ಸರಿಯಾಗಿ ಕೂತಿದೆಯೇ ಎಂದು ಒಂದೊಂದು ಚಕ್ರದಡಿಯೂ ಬಗ್ಗಿ ನೋಡುತ್ತೀರಿ. ಅದನ್ನು ನೋಡಲಾರದೆ ನಾನು ಒಳಗೆ ಹೋಗಿಬಿಡುತ್ತೇನೆ.

ಮೊನ್ನೆ ನಿಮ್ಮ ಮೊಮ್ಮಗಳು ಸೈಕಲ್ ಬೇಕೆಂದು ಹಟ ಹಿಡಿದಳು. "ಬೇಡ ಪುಟ್ಟಿ, ನಮ್ಮನೆಗೆ ಸೈಕಲ್ ಆಗ್ಬರಲ್ಲ. ಗಾಬರಿಯಾದ್ರೆ ಬ್ರೇಕ್ ಹಿಡಿಯೋಕೇ ಆಗಲ್ಲ" ಎಂದಿರಿ. ಅದು ನನ್ನ ಸುಳ್ಳು, ಅತ್ತಿಗೆ. ನೀವು ಅದನ್ನು ನಿಜವೆಂದೇ ನಂಬಿ ಮಗುವಿಗೂ ಹೇಳುತ್ತಿದ್ದಿರಿ. ಅಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದ ನಾನು ಆಗಲೂ —

ಕ್ಷಮೆ ಕೇಳಲು ನನಗೆ ಮುಖವಿಲ್ಲ. ನಾಳೆ ಬರುತ್ತೇನೆ. ಇಷ್ಟನ್ನೂ ಪುಟ್ಟಿಯ ಎದುರಿಗೇ ಹೇಳುತ್ತೇನೆ. ಅಂದು ನೀವು ಬ್ರೇಕ್ ಹಿಡಿದಿದ್ದಿರಿ, ಅತ್ತಿಗೆ. ಗಟ್ಟಿಯಾಗಿಯೇ ಹಿಡಿದಿದ್ದಿರಿ.